ಕೂತದ್ದೆಲ್ಲ ಹೊಂದಿದ್ದಲ್ಲ: ಟರ್ಬೊ ಎಂಜಿನ್ ರಿಪೇರಿಯಲ್ಲಿ ಬೆರಕೆ ಬಿಡಿಭಾಗಗಳು

ತೋಟದ ಕೆಲಸಕ್ಕೆಂದು ಜೀಪನ್ನೋ ಪಿಕಪ್ ಗಾಡಿಯನ್ನೋ ಇಟ್ಟುಕೊಂಡಿರುವ ಸಣ್ಣ ಬೆಳೆಗಾರರಲ್ಲಿ ಅನೇಕರು ಹಳೆಯ ಗಾಡಿಯನ್ನು ಕೊಂಡವರು. ಗೊಬ್ಬರ ತರುವುದಕ್ಕೆ, ಅಡಿಕೆ ಗೊನೆ ಸಾಗಿಸುವುದಕ್ಕೆ, ಕೊಯ್ಲಿನ ಕಾಲದಲ್ಲಿ ಆಳುಗಳನ್ನು ಕರೆತರುವುದಕ್ಕೆ, ಕಾಫಿ ಚೀಲಗಳನ್ನು ಕ್ಯೂರಿಂಗ್ ವರ್ಕ್ಸಿಗೆ ಮುಟ್ಟಿಸುವುದಕ್ಕೆ ಅದೊಂದೇ ಆಸರೆ. ಅದು ನಿಂತಿತೆಂದರೆ ಕೆಲಸವೂ ನಿಂತಂತೆ. ಎಂಜಿನ್ ಹೊಗೆ ಕಾರಲು ಶುರುವಾಗಿ, ಹೆಡ್ ಇಳಿಸಲೇಬೇಕು ಎಂದು ಮೆಕ್ಯಾನಿಕ್ ಹೇಳಿದ ದಿನ ಮನೆಯಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ಹೊಸ ಸೆಟ್ಟಿಗೆ ಇಷ್ಟು, ಗುಜರಿಯಿಂದ ತಂದರೆ ಅದರಲ್ಲಿ ಕಾಲುಭಾಗ. ಬೇರೆ ಗಾಡಿಯ ಪಿಸ್ಟನ್ ಇದೆ, ಅಳತೆ ಒಂದೇ, ಕೂತುಕೊಳ್ಳುತ್ತದೆ ಎಂಬ ಮಾತೂ ಬರುತ್ತದೆ.

ಈ ಮಾತನ್ನು ಒಪ್ಪಬಹುದೇ? ಕೆಲವು ಭಾಗಗಳ ಮಟ್ಟಿಗೆ ಧಾರಾಳವಾಗಿ ಒಪ್ಪಬಹುದು. ಆದರೆ ಗಾಳಿಯನ್ನು ಒತ್ತಿ ತುಂಬುವ ಎಂಜಿನ್ನಿನಲ್ಲಿ, ಅಂದರೆ ಟರ್ಬೊ ಅಥವಾ ಸೂಪರ್‌ಚಾರ್ಜರ್ ಇರುವ ಎಂಜಿನ್ನಿನಲ್ಲಿ, ಕೆಲವು ಭಾಗಗಳ ಮಟ್ಟಿಗೆ ಖಂಡಿತ ಒಪ್ಪಬಾರದು. ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ನಮ್ಮ ಸದಸ್ಯರು ತಿಳಿದಿರಲೆಂದು ಈ ಲೇಖನ.

ಎಂಜಿನ್ ಬದಲಾಯಿಸುವುದು ಬೇರೆ, ಬೆರೆಸುವುದು ಬೇರೆ

ನಮ್ಮ ಮಲೆನಾಡಿಗೆ ಇದು ಹೊಸ ಸಂಗತಿಯಲ್ಲ. ಮಹೀಂದ್ರ ಕಂಪನಿಯು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ಆರಂಭಿಸಿತು. ಆಗ ಬಂದದ್ದು ಪೆಟ್ರೋಲ್ ಎಂಜಿನ್. 1979ರಲ್ಲಿ ಅದೇ ಕಂಪನಿ ಫ್ರಾನ್ಸಿನ ಪ್ಯೂಜೊ ಸಂಸ್ಥೆಯಿಂದ ಎಕ್ಸ್‌ಡಿಪಿ ಡೀಸೆಲ್ ಎಂಜಿನ್ ತಯಾರಿಸುವ ಪರವಾನಗಿ ಪಡೆಯಿತು. ಮುಂದೆ ಎಷ್ಟೋ ಹಳೆಯ ಪೆಟ್ರೋಲ್ ಜೀಪುಗಳ ಹೊಟ್ಟೆಗೆ ಡೀಸೆಲ್ ಎಂಜಿನ್ ಸೇರಿತು. ಅವುಗಳಲ್ಲಿ ಹಲವು ವರ್ಷಗಟ್ಟಲೆ ದುಡಿದವು.

ಅದು ನಡೆದದ್ದು ಹೇಗೆ? ಅಲ್ಲಿ ಬದಲಾದದ್ದು ಇಡೀ ಎಂಜಿನ್. ಅದರೊಳಗಿನ ಪಿಸ್ಟನ್, ಹೆಡ್, ಪಂಪು, ನಾಜಲ್ ಎಲ್ಲವೂ ಒಂದಕ್ಕೊಂದು ಲೆಕ್ಕ ಹಾಕಿ ಮಾಡಿದವೇ. ಹೊರಗಿನ ಮೌಂಟಿಂಗ್, ಬೆಲ್ ಹೌಸಿಂಗ್ ಇಷ್ಟನ್ನು ಹೊಂದಿಸಿದರೆ ಸಾಕಾಗುತ್ತಿತ್ತು. ಒಂದೇ ಎಂಜಿನ್ನಿನೊಳಗೆ ಎರಡು ಎಂಜಿನ್ನುಗಳ ಭಾಗ ಸೇರಿಸುವುದು ಸಂಪೂರ್ಣ ಬೇರೆಯ ವಿಚಾರ.

ಅಳತೆ ಒಂದೇ ಆದ ಮಾತ್ರಕ್ಕೆ ಹೊಂದಾಣಿಕೆ ಆಗುವುದಿಲ್ಲ ಎಂಬುದಕ್ಕೆ ಆ ಹಳೆಯ ವಿಲ್ಲಿಸ್ ಎಂಜಿನ್ನುಗಳೇ ಸಾಕ್ಷಿ. ಯುದ್ಧಕಾಲದ ಗೋ-ಡೆವಿಲ್ ಎಂಜಿನ್ನಿಗೂ ಆಮೇಲೆ ಬಂದ ಹರಿಕೇನ್ ಎಂಜಿನ್ನಿಗೂ ಬೋರು 79.4 ಮಿಲಿಮೀಟರ್, ಸ್ಟ್ರೋಕು 111.1 ಮಿಲಿಮೀಟರ್, ಎರಡೂ 2199 ಸಿಸಿ. ಆದರೆ ಗೋ-ಡೆವಿಲ್‌ನಲ್ಲಿ ಎರಡೂ ಬಗೆಯ ವಾಲ್ವುಗಳು ಬ್ಲಾಕಿನಲ್ಲಿದ್ದರೆ, ಹರಿಕೇನ್‌ನಲ್ಲಿ ಗಾಳಿ ಒಳಬರುವ ವಾಲ್ವು ಹೆಡ್ಡಿಗೆ ಏರಿತು. ಒಂದರ ಹೆಡ್ಡನ್ನು ಇನ್ನೊಂದಕ್ಕೆ ಕೂರಿಸುವಂತಿರಲಿಲ್ಲ.

ಕುಲುಮೆಯ ತಿದಿಯಂತೆ

ಸಾದಾ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಎಂದರೆ ಕಮ್ಮಾರನ ತಿದಿಯ ಹಾಗೆ ಗಾಳಿಯನ್ನು ಒತ್ತಿ ಒಳಗೆ ನೂಕುವ ಸಾಧನ. ಇದರ ಮೂಲವೂ ಹೆಚ್ಚುಕಡಿಮೆ ಅಲ್ಲೇ ಇದೆ. ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಕುಲುಮೆಗಳಿಗೆ ಗಾಳಿ ಊದುವ ಕೆಲಸಕ್ಕೆ ಬಳಕೆಯಾಯಿತು. ಮೋಟಾರಿಗೆ ಬಂದದ್ದು ಆಮೇಲೆ. ಸೂಪರ್‌ಚಾರ್ಜರನ್ನು ಎಂಜಿನ್ ಬೆಲ್ಟಿನಿಂದಲೋ ಗೇರಿನಿಂದಲೋ ತಿರುಗಿಸುತ್ತದೆ. ಟರ್ಬೊವನ್ನು ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯೇ ತಿರುಗಿಸುತ್ತದೆ. ಈ ಎರಡನೆಯ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ನಮ್ಮ ಜೀಪು, ಪಿಕಪ್ಪು, ಟ್ರ್ಯಾಕ್ಟರುಗಳಲ್ಲಿ ಕಾಣುವುದು ಟರ್ಬೊವೇ. ಕೆಲಸದ ತತ್ವ ಎರಡಕ್ಕೂ ಒಂದೇ: ಹೆಚ್ಚು ಗಾಳಿ, ಅದಕ್ಕೆ ತಕ್ಕ ಹೆಚ್ಚು ಡೀಸೆಲ್, ಹೆಚ್ಚು ಶಕ್ತಿ.

ಕಾಫಿ ಸೀಮೆಗೆ ಇದರಿಂದ ಪ್ರಯೋಜನವುಂಟು. ಸಮುದ್ರಮಟ್ಟದಿಂದ 1000 ಮೀಟರ್ ಮೇಲೆ ಗಾಳಿ ಸುಮಾರು ಶೇಕಡಾ 9ರಷ್ಟು ತೆಳುವಾಗುತ್ತದೆ. ಅಷ್ಟು ಗಾಳಿ ಕಡಿಮೆಯಾದಾಗ ಸಾದಾ ಎಂಜಿನ್ ಏರಿನಲ್ಲಿ ಏದುಸಿರು ಬಿಡುತ್ತದೆ. ಬಯಲುಸೀಮೆಯಲ್ಲಿ ಇದೇ ನಷ್ಟ ಬಿಸಿಲಿನಿಂದ ಬರುತ್ತದೆ. 15 ಡಿಗ್ರಿಯ ಗಾಳಿ 42 ಡಿಗ್ರಿಗೆ ಕಾದರೆ ಆಗಲೂ ಸುಮಾರು ಶೇಕಡಾ 9ರಷ್ಟು ತೆಳುವಾಗುತ್ತದೆ. ಹಾಗಾಗಿ ಮುಳ್ಳಯ್ಯನಗಿರಿಯ ಮಗ್ಗುಲಿನ ತೋಟಕ್ಕೂ ಕಲಬುರಗಿ ಜಿಲ್ಲೆಯ ತೊಗರಿ ಹೊಲಕ್ಕೂ ಟರ್ಬೊ ಸಮಾನವಾಗಿ ಒದಗುತ್ತದೆ.

ಒಂದೇ ಬೋರು, ಬೇರೆ ಹೊರೆ

ತೊಡಕು ಇರುವುದು ಇಲ್ಲಿಯೇ. ಕಂಪನಿಗಳು ಎಷ್ಟೋ ಸಲ ಒಂದೇ ಬ್ಲಾಕಿನ ಅಳತೆಯಲ್ಲಿ ಸಾದಾ ಎಂಜಿನ್ನನ್ನೂ ಟರ್ಬೊ ಎಂಜಿನ್ನನ್ನೂ ಹೊರತರುತ್ತವೆ. ಬೊಲೆರೊ ಗಾಡಿಗಳಲ್ಲಿ ಬಹುಕಾಲ ನಡೆದ 2523 ಸಿಸಿ ಡೀಸೆಲ್ ಎಂಜಿನ್ ಇದಕ್ಕೆ ಉದಾಹರಣೆ. ಬೋರು 88.9, ಸ್ಟ್ರೋಕು 101.6 ಮಿಲಿಮೀಟರ್. ಟರ್ಬೊ ಇಲ್ಲದೆಯೂ ಬಂದಿದೆ, ಟರ್ಬೊ ಸಮೇತವೂ ಬಂದಿದೆ. ಗುಜರಿಯಲ್ಲಿ ರಾಶಿ ಬಿದ್ದ ಪಿಸ್ಟನ್‌ಗಳಿಗೆ ಹೊರಗಿನಿಂದ ಕ್ಯಾಲಿಪರ್ ಹಿಡಿದರೆ ಒಂದೇ ಅಂಕಿ ಬರುತ್ತದೆ.

ಆದರೆ ಟರ್ಬೊ ಎಂಜಿನ್ನಿನ ಪಿಸ್ಟನ್‌ಗೆ ಸಾಮಾನ್ಯವಾಗಿ ಮೇಲಿನ ರಿಂಗಿನ ಗಾಡಿಯಲ್ಲಿ ಗಟ್ಟಿ ಲೋಹದ ಬಳೆ ಹಾಕಿರುತ್ತಾರೆ. ತಲೆಯ ಮೇಲಿನ ಬಟ್ಟಲಿನ ಆಕಾರ ಬೇರೆ. ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ಕೆಳಗೆ ಎಣ್ಣೆ ಚಿಮ್ಮಿಸುವ ಜೆಟ್ ಇದ್ದು, ಅದಕ್ಕೆ ತಾಗದಂತೆ ಪಿಸ್ಟನ್ನಿನ ಅಂಚನ್ನು ಕತ್ತರಿಸಿರುತ್ತಾರೆ.

ಒಂದು ಸಣ್ಣ ಲೆಕ್ಕ ನೋಡೋಣ. ಈ ಅಳತೆಯ ಒಂದೊಂದು ಸಿಲಿಂಡರಿನ ಪ್ರಮಾಣ 631 ಸಿಸಿ. ಕಂಪ್ರೆಷನ್ 18ಕ್ಕೆ 1 ಎಂದು ಇಟ್ಟುಕೊಂಡರೆ, ಪಿಸ್ಟನ್ ತುತ್ತತುದಿಗೆ ಬಂದಾಗ ಮೇಲೆ ಉಳಿಯುವ ಜಾಗ 37 ಸಿಸಿ ಮಾತ್ರ. ಹೆಡ್ ಗ್ಯಾಸ್ಕೆಟ್ ಅರ್ಧ ಮಿಲಿಮೀಟರ್ ತೆಳುವಾದದ್ದು ಬಿತ್ತೆನ್ನಿ. 3 ಸಿಸಿ ಕಡಿಮೆಯಾಗಿ ಕಂಪ್ರೆಷನ್ 19.6ಕ್ಕೆ ಏರುತ್ತದೆ. ಬಟ್ಟಲು 2 ಸಿಸಿ ಚಿಕ್ಕದಿರುವ ಪಿಸ್ಟನ್ನೂ ಜೊತೆಗೆ ಸೇರಿದರೆ 20.7 ಆಗುತ್ತದೆ. ಸಾದಾ ಎಂಜಿನ್ನಿನಲ್ಲಿ ಇದನ್ನು ಹೇಗೋ ತಡೆದುಕೊಳ್ಳಬಹುದು. ಟರ್ಬೊ ಎಂಜಿನ್ನಿಗೆ ಬರುವ ಗಾಳಿಯೇ ಒತ್ತಿಬಂದದ್ದು. ಹೊರಗಿನ ಗಾಳಿಗಿಂತ 1.7 ಪಟ್ಟು ಒತ್ತಡದಲ್ಲಿ ಒಳಬಂದರೆ ಕಂಪ್ರೆಷನ್ನಿನ ಕೊನೆಯ ಒತ್ತಡವೂ ಸರಿಸುಮಾರು ಅಷ್ಟೇ ಪಟ್ಟು ಹೆಚ್ಚುತ್ತದೆ. ಕೂದಲೆಳೆಯ ವ್ಯತ್ಯಾಸ ಅಲ್ಲಿ ಗ್ಯಾಸ್ಕೆಟ್ ಸುಡುವ, ರಿಂಗ್ ಮುರಿಯುವ ವ್ಯತ್ಯಾಸವಾಗುತ್ತದೆ.

ಬೋರ್ಡೊ ದ್ರಾವಣ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಲುತುತ್ತವೂ ಒಳ್ಳೆಯದೇ, ಸುಣ್ಣವೂ ಒಳ್ಳೆಯದೇ. ಪ್ರಮಾಣ ತಪ್ಪಿದರೆ ಕೊಳೆರೋಗ ತಡೆಯಬೇಕಾದ ಔಷಧಿಯೇ ಎಲೆ, ಕಾಯಿಗಳನ್ನು ಸುಡುತ್ತದೆ.

ಮಟಕಿಯ ಬಯಲು, ಚಾರ್ಮಾಡಿಯ ಏರು

ಬೆರಕೆಯ ದೋಷ ಗ್ಯಾರೇಜಿನಲ್ಲಿ ಕಾಣುವುದಿಲ್ಲ, ಹೊರೆ ಬಿದ್ದಾಗ ಕಾಣುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮಳೆ ಕಡಿಮೆಯಿರುವ ಸೀಮೆಯ ಗಾಡಿಗೆ ತುಕ್ಕು ಕಡಿಮೆ ಎಂದು ನಮ್ಮವರು ಬಯಲುಸೀಮೆಯ ಹಳೆಯ ಗಾಡಿ ಹುಡುಕುವುದುಂಟು. ಆಳಂದ ತಾಲ್ಲೂಕಿನ ಮಟಕಿಯಲ್ಲಿಯೋ, ಭೀಮಾ ತೀರದ ಅಫಜಲಪುರ, ಜೇವರ್ಗಿಗಳ ಕಡೆಯೋ ಒಂದು ಟರ್ಬೊ ಜೀಪು ಸಿಕ್ಕಿತೆನ್ನಿ. ಅಲ್ಲಿಯ ರೈತ ಅದಕ್ಕೆ ಸಾದಾ ಎಂಜಿನ್ನಿನ ಎರಡು ಪಿಸ್ಟನ್ ಹಾಕಿಸಿದ್ದಾನೆ. ಎರಡು ವರ್ಷ ಓಡಿಸಿದ್ದಾನೆ, ತಕರಾರಿಲ್ಲ. ಅವನು ಮೋಸ ಮಾಡಿದವನೂ ಅಲ್ಲ.

ಆದರೆ ಅಲ್ಲಿಯದು ಸಮತಟ್ಟಾದ ರಸ್ತೆ. ಟಾಪ್ ಗೇರಿನಲ್ಲಿ ಹಗುರಾಗಿ ಹೋಗುವಾಗ ಎಂಜಿನ್ನಿನ ಶಕ್ತಿಯಲ್ಲಿ ಸಣ್ಣ ಪಾಲು ಮಾತ್ರ ಬಳಕೆಯಾಗುತ್ತದೆ. ಹೊಗೆ ಕಡಿಮೆ, ಹಾಗಾಗಿ ಟರ್ಬೊ ಒತ್ತುವುದೂ ಕಡಿಮೆ. ಅದೇ ಗಾಡಿ ಚೀಲ ತುಂಬಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಎರಡನೇ ಗೇರಿನಲ್ಲಿ ಹತ್ತುವಾಗ ಟರ್ಬೊ ಬಿಡುವಿಲ್ಲದೆ ಪೂರ್ತಿ ಒತ್ತುತ್ತದೆ. ನಾಲ್ಕರಲ್ಲಿ ಎರಡು ಪಿಸ್ಟನ್ ಆ ಬಿಸಿಗೆ ಮಾಡಿದವು, ಇನ್ನೆರಡು ಅಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಕಥೆಯಾಗುತ್ತದೆ. ಪಿಸ್ಟನ್ ಜಾಮಾದರೆ ಲೈನರ್ ಗೀರುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೆಲವೊಮ್ಮೆ ಬ್ಲಾಕೂ ಕೈಬಿಡುತ್ತದೆ. ಉಳಿಸಿದ ಹಣದ ಹಲವು ಪಟ್ಟು ಕೈಬಿಟ್ಟು ಹೋಗುತ್ತದೆ, ಅದೂ ಕೊಯ್ಲಿನ ನಡುವೆ.

ಬೆರಕೆ ಸಲ್ಲದ ಭಾಗಗಳು

ಪಿಸ್ಟನ್, ಲೈನರ್, ರಿಂಗ್: ಇವು ಒಂದೇ ಸೆಟ್ಟಿನವಾಗಿರಬೇಕು. ಬೋರಿಂಗ್ ಮಾಡಿಸಿದರೆ ಎಲ್ಲ ಸಿಲಿಂಡರಿಗೂ ಒಂದೇ ಓವರ್‌ಸೈಜ್ ಮಾಡಿಸಿ. ಪಿಸ್ಟನ್‌ಗಳನ್ನು ಏಲಕ್ಕಿ ತೂಗುವ ತಕ್ಕಡಿಯಲ್ಲಿ ತೂಗಿ ನೋಡಿದರೆ ಬೆರಕೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಒಂದೇ ಸೆಟ್ಟಿನವುಗಳಲ್ಲಿ ವ್ಯತ್ಯಾಸ ಕೆಲವೇ ಗ್ರಾಂ.

ರಿಂಗಿನ ಬಾಯಿ: ರಿಂಗನ್ನು ಸಿಲಿಂಡರಿನೊಳಗೆ ಇಟ್ಟಾಗ ತುದಿಗಳ ನಡುವೆ ಉಳಿಯುವ ಸಂದು, ರೂಢಿಯ ಲೆಕ್ಕದಲ್ಲಿ 100 ಮಿಲಿಮೀಟರ್ ಬೋರಿಗೆ 0.3ರಿಂದ 0.4 ಮಿಲಿಮೀಟರ್. ಟರ್ಬೊ ಎಂಜಿನ್ನಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗಬಹುದು. ಕಂಪನಿಯ ಪುಸ್ತಕದ ಅಂಕಿಯೇ ಪ್ರಮಾಣ. ಸಂದು ಸಾಲದಿದ್ದರೆ ಬಿಸಿಗೆ ಹಿಗ್ಗಿದ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ.

ಹೆಡ್ ಗ್ಯಾಸ್ಕೆಟ್: ಹಲವು ಡೀಸೆಲ್ ಎಂಜಿನ್ನುಗಳಿಗೆ ಎರಡು ಮೂರು ದಪ್ಪದ ಗ್ಯಾಸ್ಕೆಟ್ ಇರುತ್ತವೆ, ಅಂಚಿನ ಕಚ್ಚು ಅಥವಾ ತೂತುಗಳ ಸಂಖ್ಯೆ ಅದರ ಗುರುತು. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆಂದು ಅಳೆದು ಆರಿಸಬೇಕು.

ಪಂಪು ಮತ್ತು ನಾಜಲ್: ನಾಜಲ್ ಚಿಮ್ಮಿಸುವ ಕೋನಕ್ಕೂ ಪಿಸ್ಟನ್ನಿನ ಬಟ್ಟಲಿಗೂ ಸಂಬಂಧವಿದೆ. ಶಕ್ತಿ ಸಾಲದೆಂದು ಪಂಪಿನ ತಿರುಪು ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ ಕಪ್ಪು ಹೊಗೆ ಬರುತ್ತದೆ, ಪಿಸ್ಟನ್ನಿನ ತಲೆ ಕರಗುವಷ್ಟು ಬಿಸಿಯಾಗುತ್ತದೆ.

ಟರ್ಬೊ: ದೊಡ್ಡ ಎಂಜಿನ್ನಿನ ಟರ್ಬೊ ಹಾಕಿದರೆ ನಿಧಾನದ ಏರಿನಲ್ಲಿ ಒತ್ತುವುದೇ ಇಲ್ಲ, ತೀರ ಚಿಕ್ಕದು ಅತಿವೇಗದಲ್ಲಿ ತಿರುಗಿ ಕೆಡುತ್ತದೆ. ಅದರ ಗಾಲಿ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತುವುದರಿಂದ ಎಣ್ಣೆಯ ಕೊಳವೆಯಲ್ಲಿ ಕರಿ ಕಟ್ಟಿರಬಾರದು.

ಸ್ಟಾರ್ಟರ್, ಆಲ್ಟರ್ನೇಟರ್, ರೇಡಿಯೇಟರ್, ಫ್ಯಾನ್ ಬೆಲ್ಟು, ಹೋಸ್ ಪೈಪು, ಎಂಜಿನ್ ಮೌಂಟಿಂಗ್ ಇಂಥ ಹೊರಭಾಗಗಳನ್ನು ಅಳತೆ ಮತ್ತು ಸಾಮರ್ಥ್ಯ ಸರಿಯಿದ್ದರೆ ಬೇರೆ ಗಾಡಿಯಿಂದ ತಂದು ಹಾಕಬಹುದು. ಇವು ಕೆಟ್ಟರೂ ಎಚ್ಚರಿಕೆಯಿಂದಿದ್ದರೆ ಎಂಜಿನ್ ಉಳಿಯುತ್ತದೆ. ಉಳಿತಾಯ ಮಾಡುವುದಿದ್ದರೆ ಇಲ್ಲಿ ಮಾಡಿ.

ಗಮನಿಸಬೇಕಾದ ಅಂಶಗಳು

1. ಗ್ಯಾರೇಜಿಗೆ ಹೋಗುವಾಗ ಎಂಜಿನ್ ನಂಬರ್ ಬರೆದುಕೊಂಡು ಹೋಗಿ. ಗಾಡಿಯ ಹೆಸರಿನಿಂದ ಅಲ್ಲ, ಆ ನಂಬರಿನಿಂದ ಬಿಡಿಭಾಗ ತರಿಸಿ.

2. ಇಳಿಸಿದ ಹಳೆಯ ಭಾಗಗಳನ್ನು ಮನೆಗೆ ತನ್ನಿ. ಹೊಸದರ ಪಕ್ಕದಲ್ಲಿಟ್ಟು ಬಟ್ಟಲು, ರಿಂಗ್ ಗಾಡಿ, ಎತ್ತರ ಹೋಲಿಸಿ ನೋಡಿ.

3. ಹಳೆಯ ಗಾಡಿ ಕೊಳ್ಳುವುದಾದರೆ ಹೊರೆ ಹಾಕಿ ಏರು ಹತ್ತಿಸಿ ನೋಡಿ. ರೇಡಿಯೇಟರಿನಲ್ಲಿ ಗುಳ್ಳೆ, ಎಣ್ಣೆಯ ಮುಚ್ಚಳದಲ್ಲಿ ರಭಸದ ಹೊಗೆ ಕಂಡರೆ ಎಂಜಿನ್ ಬಿಚ್ಚಿಸಿಯೇ ವ್ಯಾಪಾರ ಮಾತಾಡಿ.

4. ಸೆಟ್ಟು ಹಾಕಿಸುವಷ್ಟು ಹಣ ಇಲ್ಲದಿದ್ದರೆ, ಪೂರ್ತಿಯಾಗಿರುವ ಹಳೆಯ ಎಂಜಿನ್ ಹುಡುಕುವುದು ಬೆರಕೆಗಿಂತ ಲೇಸು. ಮೋಟಾರು ವಾಹನ ಕಾಯಿದೆಯಂತೆ ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಿಸಬೇಕು. ಇಲ್ಲದಿದ್ದರೆ ವಿಮೆಯ ಹಣಕ್ಕೂ ತೊಂದರೆಯಾದೀತು.

5. ಘಟ್ಟ ಹತ್ತಿ ಬಂದ ಕೂಡಲೇ ಎಂಜಿನ್ ನಿಲ್ಲಿಸಬೇಡಿ. ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡಿ, ಟರ್ಬೊ ತಣಿಯುತ್ತದೆ.

ರಿಪೇರಿಯ ಕೆಲಸವನ್ನು ಮಳೆಗಾಲ ಮುಗಿದು ಕೊಯ್ಲು ಶುರುವಾಗುವ ಮೊದಲೇ ಮಾಡಿಸಿಕೊಳ್ಳುವುದು ಕ್ಷೇಮ. ಅವಸರದಲ್ಲಿ ಗಾಡಿ ಬೇಕೇಬೇಕಾದಾಗಲೇ, ಕೈಗೆ ಸಿಕ್ಕಿದ್ದನ್ನು ಹಾಕಿಬಿಡಿ ಎಂಬ ಮಾತು ನಮ್ಮ ಬಾಯಿಂದ ಬರುವುದು.