ಸೈಕಲ್ಲಿನ ಮಾತು: ಇಂಗ್ಲಿಷ್ ಸಂಭಾಷಣ ಪರೀಕ್ಷೆಗೆ ಕನ್ನಡ ತರಗತಿಯ ಸಿದ್ಧತೆ

ಗಡಿನಾಡಿನ ಕನ್ನಡ ಶಾಲೆಯೊಂದರಲ್ಲಿ ತರಬೇತಿಯ ಅಂಗವಾಗಿ ಅಣಕು ಸಂಭಾಷಣ ಪರೀಕ್ಷೆ ನಡೆಸುತ್ತಿದ್ದೆ. ಸೈಕಲ್ಲಿನ ಬಗ್ಗೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತನಾಡುವಂತೆ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳಿಗೆ ಹೇಳಿದೆ. ತನ್ನ ಬಳಿ ಸೈಕಲ್ ಇದೆ, ಅದರ ಬಣ್ಣ ಕೆಂಪು, ಅದು ತನಗೆ ಇಷ್ಟ ಎಂಬ ಮೂರು ವಾಕ್ಯಗಳಾದ ಮೇಲೆ ಆಕೆ ತಲೆತಗ್ಗಿಸಿ ನಿಂತಳು. ಅದನ್ನೇ ಕನ್ನಡದಲ್ಲಿ ಹೇಳಮ್ಮಾ ಎಂದಾಗ ಮಾತು ಹರಿಯಿತು. ಇಳಿಜಾರಿನಲ್ಲಿ ಚೈನು ಕಳಚಿ ಬೇಲಿಗೆ ಬಿದ್ದದ್ದು, ಮೊಣಕಾಲಿನ ಗಾಯವನ್ನು ಅಮ್ಮನಿಗೆ ಕಾಣದಂತೆ ಮುಚ್ಚಿಟ್ಟದ್ದು, ಅಣ್ಣನ ಎತ್ತರದ ಸೈಕಲ್ಲಿನಲ್ಲಿ ಒಳಪೆಡಲ್ ತುಳಿದು ಕಲಿತದ್ದು ಎಲ್ಲವೂ ಬಂದವು. ಆದರೆ ಬಿದ್ದದ್ದು ಮೊದಲು ಬಂದು, ಕಲಿತದ್ದು ಕೊನೆಗೆ ಬಂದಿತ್ತು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಮಗುವಿನಲ್ಲಿ ಅನುಭವದ ಕೊರತೆ ಇಲ್ಲ. ಆ ಅನುಭವವನ್ನು ಕ್ರಮವಾಗಿ ನಿರೂಪಿಸುವ ಅಭ್ಯಾಸ ಮಾತ್ರ ಕನ್ನಡದಲ್ಲಿಯೂ ಆಗಿಲ್ಲ. ಕನ್ನಡದಲ್ಲಿ ಓದಿದ್ದರಿಂದಲೇ ಇಂಗ್ಲಿಷ್ ಬರಲಿಲ್ಲವೆಂಬ ದೂರು ಪೋಷಕರ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಆ ದೂರಿನ ಬೆನ್ನಿಗೇ ಮಕ್ಕಳು ಕನ್ನಡ ವಿಭಾಗವನ್ನು ಬಿಟ್ಟುಹೋಗುವುದನ್ನೂ ನಾವು ಕಾಣುತ್ತಿದ್ದೇವೆ. ಆದ್ದರಿಂದ ಈ ಸಿದ್ಧತೆಯಲ್ಲಿ ಕನ್ನಡ ಶಿಕ್ಷಕರ ಪಾಲೇನು ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಪರೀಕ್ಷೆಯ ಸ್ವರೂಪ

ನಮ್ಮಲ್ಲಿ ಓದಿದವರು ಮುಂದೆ ಶುಶ್ರೂಷೆಯ ವೃತ್ತಿಗೋ ಉನ್ನತ ವ್ಯಾಸಂಗಕ್ಕೋ ಹೊರದೇಶಕ್ಕೆ ಹೋಗಬಯಸಿದಾಗ ಎದುರಿಸುವ ಪರೀಕ್ಷೆಗಳಲ್ಲಿ ಐಇಎಲ್‌ಟಿಎಸ್ ಒಂದು. ಇದರ ಸಂಭಾಷಣ ವಿಭಾಗವು 11ರಿಂದ 14 ನಿಮಿಷಗಳದು. ಮೊದಲ ಭಾಗದಲ್ಲಿ ಪರಿಚಿತ ವಿಷಯಗಳ ಕಿರುಪ್ರಶ್ನೆಗಳು ಬರುತ್ತವೆ. ಎರಡನೆಯ ಭಾಗದಲ್ಲಿ ಒಂದು ಚೀಟಿಯಲ್ಲಿ ವಿಷಯ ಕೊಟ್ಟು, ಒಂದು ನಿಮಿಷದ ಸಿದ್ಧತೆಯ ನಂತರ ಒಂದರಿಂದ ಎರಡು ನಿಮಿಷ ಮಾತನಾಡಿಸುತ್ತಾರೆ. ಮೂರನೆಯದು ಅದೇ ವಿಷಯದ ಸಾಮಾಜಿಕ ಮುಖವನ್ನು ಕುರಿತ ಚರ್ಚೆ. ನಿರರ್ಗಳತೆ ಮತ್ತು ಸುಸಂಬದ್ಧತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕು ಮಾನದಂಡಗಳಿಗೂ ಸಮಾನ ತೂಕವಿದೆ. ಇವುಗಳಲ್ಲಿ ಸುಸಂಬದ್ಧತೆಯನ್ನು ಮಾತೃಭಾಷೆಯಲ್ಲಿಯೇ ಕಲಿಸಬಹುದು ಎಂಬುದನ್ನು ಗಮನಿಸಬೇಕು.

ಮೊದಲ ಹೆಜ್ಜೆ: ಕನ್ನಡದಲ್ಲಿ ನಿರೂಪಣೆ

ಸೈಕಲ್ ಕುರಿತು ಮಾತನಾಡಿಸುವಾಗ ಯಾವುದು, ಯಾವಾಗ, ಹೇಗೆ, ಏಕೆ ಎಂಬ ನಾಲ್ಕು ಪದಗಳನ್ನು ಕರಿಹಲಗೆಯ ಮೇಲೆ ಬರೆಯಿರಿ. ಯಾವ ಸೈಕಲ್, ಎಂದು ಕಲಿತೆ, ಹೇಗೆ ಕಲಿತೆ, ಅದು ನನಗೆ ಏಕೆ ಮುಖ್ಯ ಎಂಬ ಕ್ರಮದಲ್ಲಿ ಮಗು ಮೊದಲು ಕನ್ನಡದಲ್ಲಿ ಹೇಳಲಿ. ಪರೀಕ್ಷೆಯ ಒಂದು ನಿಮಿಷದಲ್ಲಿ ಬರೆದುಕೊಳ್ಳುವ ಟಿಪ್ಪಣಿಗೆ ಅಂಕವಿಲ್ಲ. ಆದುದರಿಂದ ಈ ನಾಲ್ಕು ಪದಗಳೇ ಅಲ್ಲಿಯೂ ಸಾಕು.

ಕನ್ನಡದ ವಾಕ್ಯವು ದಾರಿ ತಪ್ಪಿಸುವ ಸ್ಥಳಗಳು

ಮಕ್ಕಳು ಮಾಡುವ ತಪ್ಪುಗಳು ಅಜಾಗರೂಕತೆಯಿಂದ ಆದವಲ್ಲ. ಅವುಗಳ ಹಿಂದೆ ಕನ್ನಡದ ಕ್ರಮಬದ್ಧವಾದ ರೂಪಗಳಿವೆ. ಎರಡೂ ಭಾಷೆಗಳ ವಾಕ್ಯಗಳನ್ನು ಅಕ್ಕಪಕ್ಕದಲ್ಲಿರಿಸಿ ತೋರಿಸಿದರೆ ತಿದ್ದುವುದು ಸುಲಭ.

1. ಸೈಕಲ್ಲನ್ನು ತುಳಿಯುತ್ತೇವೆ, ಹೊಡೆಯುತ್ತೇವೆ, ಬಿಡುತ್ತೇವೆ, ಓಡಿಸುತ್ತೇವೆ; ಊರಿಗೊಂದು ಕ್ರಿಯಾಪದ. ಕಾರನ್ನೂ ಓಡಿಸುತ್ತೇವಾದ್ದರಿಂದ ಮಗು ಎರಡಕ್ಕೂ ‘ಡ್ರೈವ್’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಕಾರಿಗೆ ‘ಡ್ರೈವ್’, ಸೈಕಲ್ಲಿಗೆ ‘ರೈಡ್’.

2. ‘ನನಗೆ ಸೈಕಲ್ ಬರುತ್ತದೆ’ ಎಂಬಲ್ಲಿ ಬಲ್ಲವನು ಚತುರ್ಥಿಯಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಅವನೇ ಕರ್ತೃ: ‘ಐ ಕ್ಯಾನ್ ರೈಡ್ ಎ ಬೈಸಿಕಲ್’. ಹಾಗೆಯೇ ‘ಸೈಕಲ್ ಕಲಿತೆ’ ಎಂಬುದು ‘ಐ ಲರ್ನ್ಡ್ ಟು ರೈಡ್’ ಎಂದಾಗಬೇಕು.

3. ‘ಸೈಕಲ್ಲಿನಲ್ಲಿ ಹೋದೆ’ ಎಂಬ ಸಪ್ತಮಿಯು ‘ಇನ್ ಸೈಕಲ್’ ಎಂದು ಹೇಳಿಸುತ್ತದೆ. ಸರಿಯಾದುದು ‘ಬೈ ಬೈಸಿಕಲ್’ ಅಥವಾ ‘ಆನ್ ಮೈ ಬೈಸಿಕಲ್’.

4. ‘ದಿನವೂ ಹೋಗುತ್ತಿದ್ದೆ’ ಎಂಬುದನ್ನು ಮಗು ‘ಐ ವಾಸ್ ಗೋಯಿಂಗ್’ ಎನ್ನುತ್ತದೆ. ಹಿಂದಿನ ರೂಢಿಯನ್ನು ಹೇಳುವಾಗ ‘ಐ ಯೂಸ್ಡ್ ಟು ಗೋ’ ಎಂಬುದು ಸಹಜ. ಬಾಲ್ಯದ ಸೈಕಲ್ ಸವಾರಿಯನ್ನು ಹೇಳುವ ಮಗುವಿಗೆ ಈ ಒಂದು ರೂಪವು ಬಹಳ ಉಪಯುಕ್ತ.

5. ನಮ್ಮಲ್ಲಿ ‘ಬೈಕ್’ ಎಂದರೆ ಮೋಟಾರು ವಾಹನ. ಬ್ರಿಟನ್ನಿನಲ್ಲಿ ಅದು ಹೆಚ್ಚಾಗಿ ತುಳಿಯುವ ಸೈಕಲ್. ಗೊಂದಲ ಬೇಡವೆಂದಾದರೆ ‘ಬೈಸಿಕಲ್’ ಎನ್ನಿಸಿರಿ. ಈ ಪದದ ನಡುವಿನ ಅಕ್ಷರ ‘ಸಿ’, ‘ಸೈ’ ಅಲ್ಲ. ಒತ್ತು ‘ಬೈ’ ಎಂಬುದರ ಮೇಲೆ.

ಅಭಿಪ್ರಾಯ ಕೇಳುವ ಪ್ರಶ್ನೆಗಳು

ದೊಡ್ಡವರು ಸೈಕಲ್ ತುಳಿಯುವುದು ಏಕೆ ಕಡಿಮೆಯಾಗಿದೆ, ಸರ್ಕಾರ ಸೈಕಲ್ಲಿಗೆ ಪ್ರೋತ್ಸಾಹ ನೀಡಬೇಕೆ ಎಂಬಂತಹ ಪ್ರಶ್ನೆಗಳಿಗೆ ಒಂದು ಅಭಿಪ್ರಾಯ, ಒಂದು ಕಾರಣ, ಒಂದು ನಿದರ್ಶನ ಎಂಬ ಕ್ರಮವನ್ನು ರೂಢಿಸಬೇಕು. ಆರೋಗ್ಯ, ಮಾಲಿನ್ಯ ಎಂಬ ಸವಕಲು ಉತ್ತರಗಳಿಗಿಂತ ನಮ್ಮ ನೆಲದ ನಿದರ್ಶನಗಳು ಹೆಚ್ಚು ಬಲವುಳ್ಳವು. ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದೊಡನೆ ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರು. ಕೂಲಿ, ನೀರು, ಮಾರುಕಟ್ಟೆಗಳಿಗಾಗಿ ಮತ್ತೊಬ್ಬರನ್ನು ಕಾಯುವುದು ತಪ್ಪಿತು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಯ ಬಾಲಕಿಯರಿಗೆ ಸೈಕಲ್ ಯೋಜನೆ ಆರಂಭವಾಯಿತು. ಪ್ರೌಢಶಾಲೆಯ ದಾಖಲಾತಿಯಲ್ಲಿ ಹುಡುಗ ಹುಡುಗಿಯರ ನಡುವಿನ ಅಂತರವು ಅದರಿಂದ ಸುಮಾರು ಶೇಕಡ 40ರಷ್ಟು ತಗ್ಗಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಅಧ್ಯಯನ ತೋರಿಸಿದೆ. ಇಂತಹ ವಿಷಯಗಳನ್ನು ಕನ್ನಡದಲ್ಲಿ ಚರ್ಚಿಸಿದ ಮಗುವಿಗೆ ಇಂಗ್ಲಿಷಿನಲ್ಲಿ ಹೇಳಲು ಏನಾದರೂ ಇರುತ್ತದೆ.

ತರಗತಿಯ ಚಟುವಟಿಕೆ

ಎರಡು ಅವಧಿಗಳು ಸಾಕು. ಮೊದಲನೆಯದರಲ್ಲಿ ಮಕ್ಕಳು ಜೋಡಿಯಾಗಿ ಕುಳಿತು ತಮ್ಮ ಸೈಕಲ್ಲಿನ ಕಥೆಯನ್ನು ಕನ್ನಡದಲ್ಲಿ ಹೇಳಲಿ. ಕೇಳಿದವರು ಕ್ರಮ ತಪ್ಪಿದ್ದನ್ನು ಗುರುತಿಸಲಿ. ಸ್ವಂತ ಸೈಕಲ್ ಇಲ್ಲದ ಮಗು ಬಾಡಿಗೆ ಸೈಕಲ್ಲಿನ ಬಗ್ಗೆಯೋ, ಅಪ್ಪನ ಕ್ಯಾರಿಯರ್ ಮೇಲೆ ಕುಳಿತು ಸಂತೆಗೆ ಹೋದ ಬಗ್ಗೆಯೋ ಹೇಳಲಿ. ಇಲ್ಲವೆಂಬ ಸಂಕೋಚಕ್ಕೆ ಎಡೆಯಾಗಬಾರದು. ಎರಡನೆಯ ಅವಧಿಯಲ್ಲಿ ಇಂಗ್ಲಿಷ್ ಶಿಕ್ಷಕರೂ ಜೊತೆಗಿದ್ದು, ಅದೇ ಕಥೆಯನ್ನು ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಹೇಳಿಸಬೇಕು. ಮಾತಿನ ನಡುವೆ ತಿದ್ದದೆ, ಮುಗಿದ ಮೇಲೆ ಎರಡೇ ತಪ್ಪುಗಳನ್ನು ಆರಿಸಿ ತಿದ್ದಿರಿ. ಸಿದ್ಧ ಉತ್ತರವನ್ನು ಕಂಠಪಾಠ ಮಾಡಿಸುವುದು ಬೇಡ. ಪರೀಕ್ಷಕರು ಅದನ್ನು ಬೇಗ ಗುರುತಿಸುತ್ತಾರೆ, ಮುಂದಿನ ಪ್ರಶ್ನೆಗೆ ಮಗು ನಿರುತ್ತರವಾಗುತ್ತದೆ.

ಮೇಲೆ ಹೇಳಿದ ವಿದ್ಯಾರ್ಥಿನಿ ಅಂದು ಮಧ್ಯಾಹ್ನ ಮತ್ತೊಮ್ಮೆ ಮಾತನಾಡಿದಳು. ವ್ಯಾಕರಣದ ತಪ್ಪುಗಳು ಇನ್ನೂ ಇದ್ದವು. ಆದರೆ ಕಲಿತದ್ದು ಮೊದಲು ಬಂತು, ಬೇಲಿಗೆ ಬಿದ್ದದ್ದು ನಂತರ ಬಂತು, ಒಂದೂವರೆ ನಿಮಿಷ ಮಾತು ನಿಲ್ಲಲಿಲ್ಲ.