ದಾಖಲಿಸಿದರಷ್ಟೇ ಸಾಲದು, ಕಾಪಾಡಬೇಕು

2019ರ ಒಂದು ಭಾನುವಾರ ಬೆಳಿಗ್ಗೆ ಅಪರಿಚಿತ ಯುವತಿಯೊಬ್ಬಳು ವಿಳಾಸ ಹುಡುಕಿಕೊಂಡು ನಮ್ಮ ಮನೆಗೆ ಬಂದಳು. ‘ಸಾರ್, ನಮ್ಮ ತಾತ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ನಿಮ್ಮ ಕಾಲೇಜಿನ ಹುಡುಗರು ಬಂದು ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡಿದ್ದರಂತೆ. ತಾತ ಹೋಗಿ ಆರು ವರ್ಷವಾಯಿತು. ಅವರ ದನಿ ನಮ್ಮ ಮನೆಯಲ್ಲಿ ಎಲ್ಲೂ ಇಲ್ಲ. ಒಂದು ಸಲ ಕೇಳಿಸಿಕೊಳ್ಳಬಹುದೇ?’ ಎಂದಳು.

ಆಕೆ ಹೇಳಿದ್ದು ನಿಜ. ನಾನು ಇತಿಹಾಸ ಪಾಠ ಹೇಳುತ್ತಿದ್ದ ಕಾಲೇಜಿನ ಪದವಿ ವಿದ್ಯಾರ್ಥಿಗಳು 2003ರಲ್ಲಿ ಬೆಂಗಳೂರಿನ ಹಳೆಯ ಬಟ್ಟೆ ಗಿರಣಿಗಳಲ್ಲಿ ದುಡಿದ 38 ಮಂದಿಯ ನೆನಪುಗಳನ್ನು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಎರಡು ವರ್ಷಗಳ ಬಳಿಕ ಅವನ್ನೆಲ್ಲ ಸಿ.ಡಿ.ಗಳಿಗೆ ಇಳಿಸಿದೆವು. ಉಗ್ರಾಣ ಶುಚಿಗೊಳಿಸುವ ಸಂದರ್ಭ ಬಂದಾಗ ಆ ಕ್ಯಾಸೆಟ್ಟುಗಳನ್ನು ವಿಲೇವಾರಿ ಮಾಡಬಹುದೆಂಬ ಪತ್ರಕ್ಕೆ ಸಹಿ ಹಾಕಿದವನು ನಾನೇ. ಎಲ್ಲವೂ ಸಿ.ಡಿ.ಯಲ್ಲಿ ಭದ್ರವಾಗಿದೆಯಲ್ಲ ಎಂಬುದು ನನ್ನ ಅಂದಿನ ನಂಬಿಕೆ.

ಆ ಭಾನುವಾರ ಒಂದಾದ ಮೇಲೊಂದರಂತೆ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಹಾಕಿದೆವು. ಕೆಲವು ತೆರೆದವು, ಬಹುಪಾಲು ತೆರೆಯಲಿಲ್ಲ. ತೆರೆಯದವುಗಳಲ್ಲಿ ಆಕೆಯ ತಾತನ ದನಿಯೂ ಇತ್ತು. ನನ್ನ ನೋಟ್‌ಪುಸ್ತಕದಲ್ಲಿ ಮಾತ್ರ ಅವರ ಹೆಸರು, ನೂಲುವ ವಿಭಾಗದಲ್ಲಿ ದುಡಿದ ವಿವರ ಮತ್ತು ‘52 ನಿಮಿಷ’ ಎಂಬ ಟಿಪ್ಪಣಿ ಸ್ಪಷ್ಟವಾಗಿ ಉಳಿದಿದ್ದವು. ಎರಡು ರೂಪಾಯಿಯ ಪೆನ್ನಿನ ಶಾಯಿ ಗೆದ್ದಿತ್ತು, ತಂತ್ರಜ್ಞಾನ ಸೋತಿತ್ತು.

ಈ ವೈಯಕ್ತಿಕ ಸೋಲನ್ನು ಇಲ್ಲಿ ಹೇಳಿಕೊಳ್ಳುವುದಕ್ಕೆ ಕಾರಣವಿದೆ. ಇತಿಹಾಸವನ್ನು ವಿಶ್ವವಿದ್ಯಾಲಯದ ಗೋಡೆಗಳಿಂದ ಹೊರಗೆ ತಂದು, ಜನರ ಜೊತೆಗೂಡಿ, ಜನರಿಗಾಗಿ ಕಟ್ಟುವ ಪ್ರಯತ್ನ ಇಂದು ಜಗತ್ತಿನೆಲ್ಲೆಡೆ ನಡೆಯುತ್ತಿದೆ. ‘ಸಾರ್ವಜನಿಕ ಇತಿಹಾಸ’ ಎಂಬ ಹೆಸರಿನಲ್ಲಿ ಇದನ್ನೊಂದು ಶಿಸ್ತಾಗಿ ಬೋಧಿಸಲು ಆರಂಭಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಶಾಖೆಯ ರಾಬರ್ಟ್ ಕೆಲ್ಲಿ, ಅದು 1976ರಲ್ಲಿ. ಎರಡು ವರ್ಷಗಳ ಬಳಿಕ ಸ್ವೀಡನ್ನಿನ ಲೇಖಕ ಸ್ವೆನ್ ಲಿಂಡ್‌ಕ್ವಿಸ್ಟ್ ‘ನಿಂತಲ್ಲೇ ಅಗೆಯಿರಿ’ ಎಂಬ ಅರ್ಥದ ಶೀರ್ಷಿಕೆಯ ಕೈಪಿಡಿಯೊಂದನ್ನು ಪ್ರಕಟಿಸಿದರು. ಕಾರ್ಖಾನೆಯ ಚರಿತ್ರೆಯನ್ನು ಮಾಲೀಕರಷ್ಟೇ ಏಕೆ ಬರೆಸಬೇಕು, ಅಲ್ಲಿ ದುಡಿದವರೇ ಏಕೆ ಬರೆಯಬಾರದು ಎಂಬುದು ಅದರ ಪ್ರಶ್ನೆ. ನಮ್ಮ ವಿದ್ಯಾರ್ಥಿಗಳು ಗಿರಣಿ ಕಾರ್ಮಿಕರ ಮನೆ ಬಾಗಿಲಿಗೆ ಹೋದದ್ದು ಇದೇ ಹಾದಿಯಲ್ಲಿ.

ಈ ಹಾದಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದ ಒಂದು ಬಡಾವಣೆ ಸಾಕ್ಷಿ. ಅದರ ಹೆಸರು ಡಿಸ್ಟ್ರಿಕ್ಟ್ ಸಿಕ್ಸ್. ನಾನಾ ಮೂಲದ, ನಾನಾ ಧರ್ಮದ ಜನ ಒಟ್ಟಾಗಿ ಬಾಳುತ್ತಿದ್ದ ಆ ಪ್ರದೇಶವನ್ನು 1966ರ ಫೆಬ್ರುವರಿಯಲ್ಲಿ ವರ್ಣಭೇದ ಸರ್ಕಾರ ‘ಬಿಳಿಯರಿಗೆ ಮಾತ್ರ’ ಎಂದು ಘೋಷಿಸಿತು. ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ದೂರದ ಬಯಲು ಪ್ರದೇಶಗಳಿಗೆ ಅಟ್ಟಲಾಯಿತು. ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ಪ್ರಾರ್ಥನಾ ಮಂದಿರಗಳಂಥ ಕೆಲವೇ ಕಟ್ಟಡಗಳು ಉಳಿದವು.

ವರ್ಣಭೇದ ಕೊನೆಗೊಂಡ 1994ರಲ್ಲೇ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ವಸ್ತುಸಂಗ್ರಹಾಲಯ ತೆರೆಯಿತು. ಅದರ ನೆಲದ ಮೇಲೆ ಆ ಬಡಾವಣೆಯ ದೊಡ್ಡ ನಕ್ಷೆ ಹಾಸಲಾಗಿದೆ. ಬಂದ ಹಳೆಯ ನಿವಾಸಿಗಳು ಬಗ್ಗಿ ಕುಳಿತು ತಮ್ಮ ಮನೆ ಇದ್ದ ಜಾಗದಲ್ಲಿ ತಮ್ಮ ಹೆಸರನ್ನು ಬರೆದರು. ಅಂದಿನ ಬೀದಿಗಳ ನಾಮಫಲಕಗಳನ್ನೂ ಅಲ್ಲಿ ತೂಗುಹಾಕಲಾಗಿದೆ. ಅವನ್ನು ಉಳಿಸಿಟ್ಟಿದ್ದವನು ಬಡಾವಣೆಯನ್ನು ಕೆಡವುವ ಕೆಲಸದಲ್ಲಿದ್ದ ಮನುಷ್ಯನೇ ಎಂಬುದು ಯೋಚಿಸಬೇಕಾದ ಸಂಗತಿ. ಇಲ್ಲಿ ಜನ ಚರಿತ್ರೆಯ ಪ್ರೇಕ್ಷಕರಲ್ಲ, ಕರ್ತೃಗಳು. ಕಳೆದುಕೊಂಡ ನೆಲಕ್ಕಾಗಿ ಅವರು ನಡೆಸಿದ ಹೋರಾಟಕ್ಕೂ ಆ ನೆನಪುಗಳೇ ಬಲವಾದವು.

ಅಂತರ್ಜಾಲ ಬಂದ ಮೇಲೆ ಈ ಸಹಭಾಗಿತ್ವದ ವ್ಯಾಪ್ತಿ ಹಿಗ್ಗಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ತನ್ನಲ್ಲಿದ್ದ ಹಳೆಯ ವೃತ್ತಪತ್ರಿಕೆಗಳನ್ನು 2008ರಿಂದ ಅಂತರ್ಜಾಲದಲ್ಲಿ ತೆರೆದಿಟ್ಟಿತು. ‘ಟ್ರೋವ್’ ಎಂಬ ಹೆಸರಿನ ಭಂಡಾರದ ಭಾಗವಾಗಿ ಇಂದು ಯಾರು ಬೇಕಾದರೂ ಅವನ್ನು ಓದಬಹುದು. ಮಾಸಿದ ಮುದ್ರಣವನ್ನು ಯಂತ್ರ ಓದುವಾಗ ತಪ್ಪುಗಳು ನುಸುಳುವುದು ಸಹಜ. ಅವನ್ನು ತಿದ್ದುವ ಕೆಲಸವನ್ನು ಗ್ರಂಥಾಲಯ ಓದುಗರಿಗೇ ಒಪ್ಪಿಸಿತು. ನಿವೃತ್ತರು, ಗೃಹಿಣಿಯರು, ತಮ್ಮ ವಂಶದ ಬೇರು ಹುಡುಕುವವರು ಕುಳಿತು ಕೋಟ್ಯಂತರ ಸಾಲುಗಳನ್ನು ತಿದ್ದಿದ್ದಾರೆ.

ಈ ವ್ಯವಸ್ಥೆಯ ಒಂದು ಸಣ್ಣ ವಿವರ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ತಿದ್ದಿದ ಪಠ್ಯದ ಪಕ್ಕದಲ್ಲಿ ಮೂಲ ಪುಟದ ಚಿತ್ರ ಸದಾ ಇರುತ್ತದೆ. ಯಾರು ಏನೇ ತಿದ್ದಿದರೂ ಮೂಲಕ್ಕೆ ಹೋಲಿಸಿ ನೋಡುವ ಅವಕಾಶ ಎಲ್ಲರಿಗೂ ಉಂಟು. ಇತಿಹಾಸವನ್ನು ಜನರ ಕೈಗೆ ಕೊಡುವುದೆಂದರೆ ಬಾಯಿಗೆ ಬಂದದ್ದನ್ನೆಲ್ಲ ಇತಿಹಾಸವೆಂದು ಒಪ್ಪುವುದಲ್ಲ. ವಾಟ್ಸ್‌ಆ್ಯಪ್‌ನಲ್ಲಿ ದಿನವೂ ಹರಿದುಬರುವ ಕಟ್ಟುಕತೆಗಳಿಗೂ ಟ್ರೋವ್‌ಗೂ ಇರುವ ವ್ಯತ್ಯಾಸ ಇದು: ಒಂದರಲ್ಲಿ ಮೂಲ ಮುಚ್ಚಿರುತ್ತದೆ, ಇನ್ನೊಂದರಲ್ಲಿ ತೆರೆದಿರುತ್ತದೆ.

ಇಷ್ಟಾದರೂ ನನ್ನ ಮನೆಗೆ ಬಂದ ಯುವತಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಜನ ಕೂಡಿ ಕಟ್ಟಿದ್ದನ್ನು ಕಾಯುವವರು ಯಾರು?

ಈ ಪ್ರಶ್ನೆಯನ್ನು ಬ್ರಿಟನ್ ಬಹು ದುಬಾರಿಯಾಗಿ ಕಲಿಯಿತು. ವಿಜಯಿ ವಿಲಿಯಮ್‌ನ ಕಾಲದಲ್ಲಿ, 1086ರಲ್ಲಿ, ಇಂಗ್ಲೆಂಡಿನ ನೆಲ, ಜನ, ಜಾನುವಾರುಗಳ ಲೆಕ್ಕ ಬರೆದ ‘ಡೂಮ್ಸ್‌ಡೇ ಬುಕ್’ ಸಿದ್ಧವಾಯಿತು. ಅದಕ್ಕೆ 900 ವರ್ಷ ತುಂಬಿದ ನೆನಪಿಗೆ ಬಿ.ಬಿ.ಸಿ. 1986ರಲ್ಲಿ ಹೊಸದೊಂದು ಡೂಮ್ಸ್‌ಡೇ ಹೊರತಂದಿತು. ಶಾಲಾ ಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ತಮ್ಮ ಊರಿನ ದಿನಚರಿ, ಚಿತ್ರ, ವಿವರಗಳನ್ನು ಬರೆದು ಕಳಿಸಿದರು. ಎಲ್ಲವನ್ನೂ ವಿಶೇಷ ಲೇಸರ್ ಡಿಸ್ಕ್‌ಗಳಲ್ಲಿ ತುಂಬಿದರು. ಆ ಡಿಸ್ಕ್ ಓದುವ ಯಂತ್ರ ಬಲು ದುಬಾರಿ, ಕೊಂಡವರು ಕಡಿಮೆ. ಹದಿನೈದು ವರ್ಷ ಕಳೆಯುವುದರೊಳಗೆ ಆ ಯಂತ್ರಗಳೇ ಅಪರೂಪವಾದವು. ಕಡೆಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಜ್ಞರು ಹಳೆಯ ಯಂತ್ರದ ವರ್ತನೆಯನ್ನು ಅನುಕರಿಸುವ ತಂತ್ರಾಂಶ ರೂಪಿಸಿ 2002ರ ಹೊತ್ತಿಗೆ ಆ ಮಾಹಿತಿಯನ್ನು ಮತ್ತೆ ಓದುವಂತೆ ಮಾಡಿದರು. 1086ರ ಚರ್ಮದ ಹಾಳೆಗಳನ್ನಾದರೋ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಬರಿಗಣ್ಣಿನಿಂದ ಓದಬಹುದು.

ಇದರಿಂದ ತಂತ್ರಜ್ಞಾನವೇ ಬೇಡ ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರದ ಹಡಗುಯಾನಗಳ ದತ್ತಾಂಶವನ್ನು ಸಂಶೋಧಕರು 1999ರಲ್ಲಿ ಸಿ.ಡಿ. ರೂಪದಲ್ಲಿ ಪ್ರಕಟಿಸಿದರು. ನಮ್ಮ ಸಿ.ಡಿ.ಗಳಿಗೆ ಒದಗಿದ ಗತಿ ಅದಕ್ಕೂ ಒದಗಬಹುದಿತ್ತು, ಒದಗಲಿಲ್ಲ. 2008ರಲ್ಲಿ ಅದು ಎಲ್ಲರಿಗೂ ಉಚಿತವಾಗಿ ದೊರೆಯುವ ಜಾಲತಾಣವಾಯಿತು. 2021ರಲ್ಲಿ ಹಲವು ವಿಶ್ವವಿದ್ಯಾಲಯ, ಸಂಸ್ಥೆಗಳು ಒಕ್ಕೂಟ ರಚಿಸಿಕೊಂಡು ಅದರ ಹೊಣೆ ಹೊತ್ತವು. ಆಫ್ರಿಕಾದಿಂದ ಹಡಗೇರಿಸಲಾದ ಅಂದಾಜು 1.25 ಕೋಟಿ ಮನುಷ್ಯರಲ್ಲಿ ಸುಮಾರು 1.07 ಕೋಟಿ ಮಂದಿ ಮಾತ್ರ ಜೀವಂತವಾಗಿ ದಡ ಸೇರಿದರು ಎಂಬ ಘೋರ ಲೆಕ್ಕವನ್ನು ಇಂದು ಯಾವ ಶಾಲಾ ಬಾಲಕಿಯೂ ತೆರೆದು ನೋಡಬಹುದು. ಆ ಸಿ.ಡಿ.ಗೂ ನಮ್ಮದಕ್ಕೂ ಇದ್ದ ಅಂತರ ತಂತ್ರಜ್ಞಾನದ್ದಲ್ಲ, ಹೊಣೆಗಾರಿಕೆಯದ್ದು.

ಹೊಣೆಗಾರಿಕೆಗೆ ಹಣವೂ ಬೇಕು. ಟ್ರೋವ್‌ನಂಥ ಯಶಸ್ವಿ ಭಂಡಾರವೂ 2023ರ ಆರಂಭದಲ್ಲಿ ಅನುದಾನವಿಲ್ಲದೆ ಮುಚ್ಚುವ ಭೀತಿ ಎದುರಿಸಿತು. ಜನ ದನಿ ಎತ್ತಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾ ಸರ್ಕಾರ ನಾಲ್ಕು ವರ್ಷಗಳಿಗೆ 3.3 ಕೋಟಿ ಡಾಲರ್ ಘೋಷಿಸಿತು. ಸಾಲು ಸಾಲಾಗಿ ತಿದ್ದಿದವರಿಗೆ ಅದು ತಮ್ಮದೆನಿಸಿತ್ತು, ಆದ್ದರಿಂದಲೇ ಉಳಿಯಿತು.

ನಮ್ಮ ನಗರದಲ್ಲೂ ಇಂಥ ಕೆಲಸ ನಡೆಯುತ್ತಿದೆ ಎಂಬುದು ಸಮಾಧಾನದ ವಿಷಯ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲಿಕೆಯ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಆಗ ಹಳ್ಳಿಗಳಾಗಿದ್ದವು ಇಂದು ಬಸ್ ನಿಲ್ದಾಣಗಳ ಹೆಸರುಗಳು. ದೇವಸ್ಥಾನದ ಮುಂದೆ, ಇಂಥವರ ಹೊಲದಲ್ಲಿ ಎಂದು ಆ ಸಂಪುಟ ಗುರುತಿಸಿದ ಶಾಸನಗಳನ್ನು ಹುಡುಕಿಕೊಂಡು ಕೆಲವು ವರ್ಷಗಳಿಂದ ಹವ್ಯಾಸಿ ಆಸಕ್ತರು ಬೀದಿ ಬೀದಿ ಅಲೆಯುತ್ತಿದ್ದಾರೆ. ಎಷ್ಟೋ ಕಡೆ ಹೊಲವೂ ಇಲ್ಲ, ಕಲ್ಲೂ ಇಲ್ಲ. ಆದರೆ 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನೆಂಬ ವೀರನ, ಸುಮಾರು ಕ್ರಿ.ಶ. 750ರ ವೀರಗಲ್ಲು ಬೆಳಕಿಗೆ ಬಂತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕಾರ್ಯವೂ ಸಾಗಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳು ಪರದೆಯ ಮೇಲೆ ಮೂಡುವುದನ್ನು ನೋಡುವುದೇ ಒಂದು ಪುಲಕ.

ಹಾಗೆಂದು ಸ್ಕ್ಯಾನ್ ಆಯಿತಲ್ಲ, ಕಲ್ಲು ಹೋದರೆ ಹೋಗಲಿ ಎನ್ನುವಂತಿಲ್ಲ. ನಾನು ಕ್ಯಾಸೆಟ್ಟುಗಳ ವಿಷಯದಲ್ಲಿ ಮಾಡಿದ ತಪ್ಪು ಅದೇ. ವೀರಗಲ್ಲು ಅಕ್ಷರಗಳನ್ನಷ್ಟೇ ಹೇಳುವುದಿಲ್ಲ, ‘ಇಲ್ಲಿ’ ಎನ್ನುತ್ತದೆ. ಆ ‘ಇಲ್ಲಿ’ಯನ್ನು ಯಾವ ಯಂತ್ರವೂ ಸೆರೆಹಿಡಿಯಲಾರದು. ನಮ್ಮ ಶಾಸನ ಬರೆಸಿದವರಿಗೆ ಈ ವಿವೇಕ ಇತ್ತು. ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಮಿಗಿಲು ಎಂಬ ಭಾವ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅಳಿದವರಿಗೆ ಘೋರ ಶಾಪವೂ ಇರುತ್ತದೆ. ನಮ್ಮ ಸಂಸ್ಥೆಗಳಾದರೋ ಡಿಜಿಟಲೀಕರಣದ ಉದ್ಘಾಟನೆಗೆ ದೀಪ ಬೆಳಗಿಸುತ್ತವೆ. ಐದು ವರ್ಷಗಳ ನಂತರ ಅದನ್ನು ತೆರೆದು ನೋಡುವ ಕೆಲಸಕ್ಕೆ ಯಾರನ್ನೂ ನೇಮಿಸುವುದಿಲ್ಲ.

ಆಗಬೇಕಾದದ್ದು ಅಸಾಧ್ಯವೇನಲ್ಲ. ಡಿಜಿಟಲ್ ಪ್ರತಿ ಆದ ಮೇಲೂ ಮೂಲವನ್ನು ಬಿಸಾಡಬಾರದು. ಪ್ರತಿ ಸಂಗ್ರಹಕ್ಕೂ ಹೆಸರು ಹಿಡಿದು ಕೇಳಬಹುದಾದ ಒಬ್ಬ ಹೊಣೆಗಾರ ಇರಬೇಕು. ಸಂಗ್ರಹಿಸುವ ವೆಚ್ಚದ ಜೊತೆಯಲ್ಲೇ ಕಾಯುವ ವೆಚ್ಚವನ್ನೂ ಆಯವ್ಯಯದಲ್ಲಿ ಬರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಯಾರಿಂದ ನೆನಪು ಪಡೆದೆವೋ ಅವರ ಮನೆಗೆ ಒಂದು ಪ್ರತಿ ಮರಳಬೇಕು. 2003ರಲ್ಲಿ ಆ ಕಾರ್ಮಿಕರಿಗೆ ಒಂದೊಂದು ಕ್ಯಾಸೆಟ್ ಕೊಟ್ಟಿದ್ದರೆ ಕೆಲವಾದರೂ ಇಂದು ಯಾರದೋ ಬೀರುವಿನಲ್ಲಿ ಉಳಿದಿರುತ್ತಿದ್ದವು. ನಮಗೆ ಅದು ಹೊಳೆಯಲೇ ಇಲ್ಲ. ಅವರ ಮಾತನ್ನು ಪಡೆದು ನಾವು ಅಂಕ ಗಳಿಸಿದೆವು, ವರದಿ ಬರೆದೆವು.

ಆ ಭಾನುವಾರ ನೋಟ್‌ಪುಸ್ತಕದ ಪುಟದ ನೆರಳಚ್ಚು ಪ್ರತಿಯನ್ನಷ್ಟೇ ಕೊಟ್ಟು ಆಕೆಯನ್ನು ಕಳಿಸಬೇಕಾಯಿತು. ಹೊರಡುವಾಗ, ‘ನಮ್ಮ ಅಜ್ಜಿ ಇನ್ನೂ ಇದ್ದಾರೆ ಸಾರ್’ ಎಂದಳು. ಮುಂದಿನ ವಾರ ಅವರ ಮನೆಗೆ ಹೋದೆ. ಗಿರಣಿಯ ಸೈರನ್ನಿಗೆ ಹೊಂದಿಸಿಕೊಂಡು ಒಲೆ ಹಚ್ಚುತ್ತಿದ್ದ ದಿನಗಳ ಬಗ್ಗೆ ಆ ತಾಯಿ ಒಂದೂಕಾಲು ಗಂಟೆ ಮಾತಾಡಿದರು. ಅದರ ಪ್ರತಿಗಳು ಈಗ ಮೂರು ಕಡೆ ಇವೆ. ಒಂದು ಆಕೆಯ ಮನೆಯಲ್ಲೇ ಇದೆ. ಪ್ರತಿ ವರ್ಷ ಯುಗಾದಿಯ ವಾರ ಆಕೆ ಅದನ್ನು ಹಾಕಿ ಕೇಳುತ್ತಾಳೆ. ಆಮೇಲೆ ನನಗೊಂದು ಸಂದೇಶ ಬರುತ್ತದೆ: ‘ತೆರೆಯಿತು ಸಾರ್.’