ಕತ್ತರಿಯ ಅಲಗಿನಲ್ಲಿ ಕೋಬಾಲ್ಟ್

ಮನುಷ್ಯನ ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೃದುವಾದ ಪದಾರ್ಥವಾಗಿದ್ದರೂ, ದಿನವಿಡೀ ಅದನ್ನೇ ಕತ್ತರಿಸುವ ಅಲಗು ಕಾಲಕ್ರಮದಲ್ಲಿ ಮೊಂಡಾಗಿ ಸಾಣೆಯನ್ನು ಬೇಡುವುದು ಮೇಲುನೋಟಕ್ಕೆ ಅಸಂಗತವೆಂದೇ ತೋರುತ್ತದೆ. ಅಮೆರಿಕದ ಮಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಲೋಹವಿಜ್ಞಾನಿ ತಸಾನ್ ಮತ್ತು ಅವರ ಸಂಗಡಿಗರು ಕ್ಷೌರದ ಅಲಗೊಂದು ಕೂದಲನ್ನು ಕಡಿಯುವುದನ್ನು ಸೂಕ್ಷ್ಮದರ್ಶಕದಲ್ಲಿಯೇ ವೀಕ್ಷಿಸಿ, 2020ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು: ಅಂಚು ನಿಧಾನವಾಗಿ ಸವೆಯುವುದಷ್ಟೇ ಅಲ್ಲ, ಕೂದಲು ಬಾಗಿ ಅಲಗಿನ ಮೇಲೆ ಓರೆಯಾಗಿ ಒತ್ತಿದಾಗ, ಉಕ್ಕಿನ ಒಳರಚನೆ ಎಲ್ಲಿ ಏಕರೂಪವಾಗಿಲ್ಲವೋ ಅಲ್ಲಿಂದ ಅತಿಸೂಕ್ಷ್ಮವಾದ ಚೂರುಗಳು ಸಿಡಿದು ಹೋಗುತ್ತವೆ.

ಕೇಶಕರ್ತನದ ಕತ್ತರಿಗೆ ಬೇಕಾದುದು ಬರಿಯ ಕಾಠಿಣ್ಯವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಒದ್ದೆ ಕೂದಲಿನ ನೀರಿಗೂ ಬಣ್ಣ ಹಚ್ಚುವ ರಾಸಾಯನಿಕಗಳಿಗೂ ತುಕ್ಕು ಹಿಡಿಯದೆ, ಕೈತಪ್ಪಿ ಬಿದ್ದರೆ ತುದಿ ಮುರಿಯದೆ, ತೆಳ್ಳಗೆ ಮಸೆದ ಅಂಚನ್ನು ಬಹುಕಾಲ ಧರಿಸಿರಬಲ್ಲ ಉಕ್ಕು ಬೇಕು. ಈ ಗುಣಗಳಾದರೋ ಪರಸ್ಪರ ವಿರೋಧಿಗಳು. ಇವುಗಳ ನಡುವೆ ಸಂಧಾನ ಸಾಧಿಸಲು ಜಪಾನಿನ ಉಕ್ಕು ತಯಾರಕರು ಕೋಬಾಲ್ಟನ್ನು ಆಶ್ರಯಿಸಿದರು. ಫುಕುಯಿ ಪ್ರಾಂತದ ಎಚಿಜೆನ್‌ನಲ್ಲಿರುವ ತಾಕೆಫು ಕಾರ್ಖಾನೆಯ ವಿಜಿ-10 ಎಂಬ ಪ್ರಸಿದ್ಧ ಉಕ್ಕಿನಲ್ಲಿ ಶೇಕಡ 1ರಷ್ಟು ಇಂಗಾಲ, 15ರಷ್ಟು ಕ್ರೋಮಿಯಂ, 1ರಷ್ಟು ಮಾಲಿಬ್ಡಿನಂ, ಕಿಂಚಿತ್ ವನೇಡಿಯಂ ಇವುಗಳೊಡನೆ ಕೋಬಾಲ್ಟ್ ಇರುವುದು ಕೇವಲ 1.5ರ ಆಸುಪಾಸು.

ಇಷ್ಟು ಅಲ್ಪ ಪ್ರಮಾಣದಿಂದ ಆಗುವ ಕಾರ್ಯವೇನು? ಕ್ರೋಮಿಯಂ, ವನೇಡಿಯಂಗಳು ಇಂಗಾಲದೊಡನೆ ಕೂಡಿ ಕಾರ್ಬೈಡೆಂಬ ಕಠಿಣ ಕಣಗಳಾಗುತ್ತವೆ. ಕೋಬಾಲ್ಟಾದರೋ ಆ ಗೊಡವೆಗೆ ಹೋಗದೆ ಕಬ್ಬಿಣದಲ್ಲಿಯೇ ಕರಗಿ ನಿಂತು, ಆ ಕಣಗಳನ್ನು ಹಿಡಿದಿಡುವ ಒಡಲನ್ನೇ ಬಲಪಡಿಸುತ್ತದೆ. ಸಾವಿರ ಡಿಗ್ರಿಗೂ ಮಿಕ್ಕ ಶಾಖದಿಂದ ಉಕ್ಕನ್ನು ಥಟ್ಟನೆ ತಣಿಸಿದಾಗ ಅದರ ಮೆದುವಾದ ಆಸ್ಟೆನೈಟ್ ರಚನೆಯು ಕಠೋರವಾದ ಮಾರ್ಟೆನ್ಸೈಟ್ ಆಗಿ ಮಾರ್ಪಡಬೇಕು. ಉಕ್ಕಿಗೆ ಬೆರೆಸುವ ಬಹುತೇಕ ಧಾತುಗಳು ಈ ಮಾರ್ಪಾಡು ಮೊದಲಾಗುವ ಉಷ್ಣತೆಯನ್ನು ಕೆಳಕ್ಕೆ ತಳ್ಳಿ, ಮಾರ್ಪಡದ ಮೆದುಭಾಗ ಅಲ್ಲಲ್ಲಿ ಉಳಿಯುವಂತೆ ಮಾಡಿದರೆ, ಕೋಬಾಲ್ಟ್ ಅದನ್ನು ಮೇಲಕ್ಕೆತ್ತುವ ಬೆರಳೆಣಿಕೆಯ ಧಾತುಗಳಲ್ಲೊಂದು. ಮತ್ತೆ ಮಿತವಾಗಿ ಕಾಯಿಸಿ ಹದಗೊಳಿಸುವಾಗ ಕಾರ್ಬೈಡ್ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗುವುದಕ್ಕೂ ಅದು ಅಡ್ಡಿಯಾಗುತ್ತದೆ. ಆದರೂ ಇದು ಸರ್ವಗುಣಸಂಪನ್ನವಲ್ಲ: ಉಕ್ಕು ಆಳದವರೆಗೆ ಗಡುಸಾಗುವ ಶಕ್ತಿಯನ್ನು ಕೋಬಾಲ್ಟ್ ಕುಗ್ಗಿಸುತ್ತದೆ. ಆದಕಾರಣ ಅದರ ಪ್ರಮಾಣಕ್ಕಿಂತಲೂ ಶಾಖಸಂಸ್ಕಾರದ ನೈಪುಣ್ಯವೇ ನಿರ್ಣಾಯಕ. ಕತ್ತರಿಯ ಮೇಲೆ ಕೋಬಾಲ್ಟ್ ಎಂದು ಅಚ್ಚೊತ್ತಿದ ಮಾತ್ರಕ್ಕೆ ಅದನ್ನು ಉತ್ತಮವೆಂದು ನಂಬುವುದನ್ನು ನಾನು ಒಪ್ಪಲಾರೆ. ಅದೇ ಹೆಸರಿನಲ್ಲಿ ಬೇರೊಂದು ಕುಲದ ಲೋಹವೂ ಇದೆ: ಇಂಡಿಯಾನಾದ ಕೊಕೊಮೊ ಪಟ್ಟಣದ ಎಲ್ವುಡ್ ಹೇನ್ಸ್ 1907ರಲ್ಲಿ ಪೇಟೆಂಟ್ ಪಡೆದ ಸ್ಟೆಲೈಟ್ ಸಂತತಿಯದು, ಕೋಬಾಲ್ಟೇ ಮುಖ್ಯವಾದುದರಿಂದ ಉಕ್ಕೆನಿಸಿಕೊಳ್ಳದು.

ಉತ್ತಮ ಉಕ್ಕು ಕೈಗೆ ಬಂದ ಮೇಲೂ ಅಲಗಿನ ಆಕೃತಿಯ ಪ್ರಶ್ನೆ ಉಳಿಯುತ್ತದೆ. ಶತಮಾನಗಳಿಂದ ಖಡ್ಗಗಳಿಗೆ ಹೆಸರಾದ ಗಿಫು ಪ್ರಾಂತದ ಸೆಕಿ ನಗರದ ಕುಶಲಕರ್ಮಿಗಳು ಅಲಗಿನ ಹೊರಮೈಯನ್ನು ಕಪ್ಪೆಚಿಪ್ಪಿನಂತೆ ಉಬ್ಬಿಸಿ, ಒಳಮೈಯನ್ನು ತುಸು ತಗ್ಗಾಗಿ ಕೆತ್ತುವರು. ಎರಡು ಅಲಗುಗಳೂ ಕೊಂಚ ಬಾಗಿರುವುದರಿಂದ, ಕತ್ತರಿ ಮುಚ್ಚುತ್ತ ಬಂದಂತೆ ಅವು ಒಂದೇ ಬಿಂದುವಿನಲ್ಲಿ ಸಂಧಿಸಿ, ಆ ಬಿಂದುವು ಬುಡದಿಂದ ತುದಿಯವರೆಗೆ ಸರಿಯುತ್ತದೆ. ಸುಮಾರು 60 ರಾಕ್‌ವೆಲ್ ಕಾಠಿಣ್ಯದ ಈ ಅಂಚನ್ನು ತಂಪಾದ ನೀರಿನಿಂದ ನೆನೆಸುತ್ತ ಮಸೆಯಬೇಕು. ಒಣ ಚಕ್ರಕ್ಕೆ ಬಲವಾಗಿ ಒತ್ತಿ ಹಿಡಿದರೆ ತೆಳುವಾದ ಅಂಚು ಹದದ ಶಾಖವನ್ನೂ ಮೀರಿ ಕಾಯ್ದು, ಕುಲುಮೆಯಲ್ಲಿ ಗಳಿಸಿದ ಗಡಸುತನವನ್ನು ಕ್ಷಣಮಾತ್ರದಲ್ಲಿ ಕಳೆದುಕೊಳ್ಳುತ್ತದೆ.